ಕೆಸರು, ಪೊರೆ, ಅಂಕಿಅಂಶ: ಕೊಳಚೆ ನೀರಿನ ಶೋಧನೆಯ ಒಂದು ಶತಮಾನ

ಕೊಳಚೆ ನೀರನ್ನು ಸೂಕ್ಷ್ಮಜೀವಿಗಳಿಂದ ಶುದ್ಧಗೊಳಿಸುವ ವಿಧಾನದ ಇತಿಹಾಸವನ್ನು ಸಾಮಾನ್ಯವಾಗಿ ಆ ಜೀವಿಗಳು ಹೊಲಸನ್ನು ಹೇಗೆ ಅರಗಿಸಿಕೊಳ್ಳುತ್ತವೆ ಎಂಬ ಪ್ರಶ್ನೆಯ ಸುತ್ತ ಹೇಳಲಾಗುತ್ತದೆ. ಆದರೆ ಶುದ್ಧೀಕರಣ ಸ್ಥಾವರಗಳನ್ನು ದಿನವೂ ನಡೆಸಿದವರನ್ನು ಕಾಡಿದ ಪ್ರಶ್ನೆ ಅದಲ್ಲ. ಹೊಲಸನ್ನು ತಿಂದು ಬೆಳೆದ ಸೂಕ್ಷ್ಮಜೀವಿಗಳ ರಾಶಿಯನ್ನು ಶುದ್ಧವಾದ ನೀರಿನಿಂದ ಬೇರ್ಪಡಿಸುವುದು ಹೇಗೆ ಎಂಬುದೇ ಅವರ ನಿತ್ಯದ ಚಿಂತೆಯಾಗಿತ್ತು. ಮೊದಲ ಅರ್ಧ ಶತಮಾನ ಈ ಕೆಲಸವನ್ನು ಗುರುತ್ವಾಕರ್ಷಣೆಗೆ ಬಿಡಲಾಯಿತು, ಆ ಬಳಿಕ ಅತಿಸೂಕ್ಷ್ಮ ರಂಧ್ರಗಳಿರುವ ಕೃತಕ ಪೊರೆಗೆ, ಅಂದರೆ ಮೆಂಬ್ರೇನಿಗೆ ವಹಿಸುವ ಪ್ರಯತ್ನ ಆರಂಭವಾಯಿತು. ಪೊರೆಯು ಹಳೆಯ ತೊಂದರೆಯನ್ನು ನಿವಾರಿಸಲಿಲ್ಲ, ಅದನ್ನು ತೊಟ್ಟಿಯ ತಳದಿಂದ ತನ್ನದೇ ಮೈಮೇಲಕ್ಕೆ ವರ್ಗಾಯಿಸಿಕೊಂಡಿತು. ಹಾಗೆ ವರ್ಗಾವಣೆಗೊಂಡ ತೊಂದರೆಯು ನಿಮಿಷ ನಿಮಿಷಕ್ಕೂ ಅಳೆಯಬಹುದಾದ ಒಂದು ಒತ್ತಡವಾಗಿ ಮಾರ್ಪಟ್ಟಿದ್ದರಿಂದ, ಅದುವರೆಗೆ ಅನುಭವಿಗಳ ಕಣ್ಣಳತೆಯಲ್ಲಿ ನಡೆಯುತ್ತಿದ್ದ ವಿದ್ಯೆಯೊಳಗೆ ಸಂಖ್ಯಾಶಾಸ್ತ್ರವು ಪ್ರವೇಶಿಸಿತು. ಆ ಪ್ರವೇಶದಿಂದ ದೊರೆತ ಉತ್ತರಗಳಷ್ಟೇ ಮುಖ್ಯವಾದುದು, ಯಾವ ಉತ್ತರಗಳನ್ನು ಅಂಕಿಗಳಿಂದ ಪಡೆಯಲಾಗದು ಎಂಬುದರ ಅರಿವು.

ಈ ವಿಧಾನದ ಮೂಲ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಡೇವಿಹ್ಯೂಮ್ ಕೊಳಚೆ ಸ್ಥಾವರದಲ್ಲಿದೆ. ಅಲ್ಲಿನ ರಸಾಯನಜ್ಞರಾದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ 1914ರ ಏಪ್ರಿಲ್ 3ರಂದು ಮಂಡಿಸಿದ ಪ್ರಬಂಧವು, ಕೊಳಚೆ ನೀರಿಗೆ ಗಾಳಿ ಊದುತ್ತಾ ಹೋದರೆ ಅದು ಪೂರ್ಣವಾಗಿ ಶುದ್ಧಗೊಳ್ಳಲು ಮೊದಲು ಸುಮಾರು ಐದು ವಾರ ಬೇಕಾಗುತ್ತದೆಂದೂ, ಆದರೆ ತಳದಲ್ಲಿ ಕೂತ ಕೆಸರನ್ನು ಎಸೆಯದೆ ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆ ನೀರನ್ನು ಸುರಿದು ಮತ್ತೆ ಗಾಳಿ ಊದುವುದನ್ನು ಪದೇ ಪದೇ ಮಾಡಿದರೆ ಅದೇ ಶುದ್ಧೀಕರಣವು 24 ಗಂಟೆಗಳ ಒಳಗೆ ಮುಗಿಯುತ್ತದೆಂದೂ ತೋರಿಸಿತು. ಹೀಗೆ ಪಳಗಿದ ಕೆಸರನ್ನು ಅವರು ಸಕ್ರಿಯ ಕೆಸರು, ಎಂದರೆ ಆಕ್ಟಿವೇಟೆಡ್ ಸ್ಲಡ್ಜ್ ಎಂದು ಕರೆದರು. ಇಂದು ಜಗತ್ತಿನ ಅನೇಕ ದೊಡ್ಡ ನಗರಗಳ ಕೊಳಚೆ ನೀರು ಈ ಕೆಸರಿನ ಯಾವುದಾದರೊಂದು ರೂಪವನ್ನು ಹಾದುಹೋಗುತ್ತದೆ. ಅವರಿಗೆ ಈ ದಿಕ್ಕನ್ನು ತೋರಿದವರು ಗಿಲ್ಬರ್ಟ್ ಫೌಲರ್. 1912ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಬಾಟಲಿಗಳಲ್ಲಿನ ಕೊಳಚೆ ನೀರಿಗೆ ಗಾಳಿ ಊದುವ ಪ್ರಯೋಗಗಳನ್ನು ಕಂಡ ಫೌಲರ್, ಮ್ಯಾಂಚೆಸ್ಟರಿಗೆ ಮರಳಿ ಆ ಪ್ರಯೋಗವನ್ನು ಮುಂದುವರಿಸುವಂತೆ ಸೂಚಿಸಿದ್ದರು.

ಈ ಕಥೆಯ ಒಂದು ಎಳೆ ಬೇಗನೆ ಬೆಂಗಳೂರಿಗೆ ಬಂದು ಸೇರುತ್ತದೆ. ಫೌಲರ್ 1916ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿ ಬಂದರು, ಅವರ ನೇತೃತ್ವದಲ್ಲಿ 1921ರಲ್ಲಿ ಅಲ್ಲಿ ಜೀವರಸಾಯನ ವಿಭಾಗವು ರೂಪುಗೊಂಡಿತು, ಮತ್ತು ಸಕ್ರಿಯ ಕೆಸರಿನ ಅಧ್ಯಯನವು ಆ ವಿಭಾಗದ ಪರಂಪರೆಯ ಭಾಗವಾಯಿತು. ಇದೇ ವಿಭಾಗದಿಂದ ಎಸ್. ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ 1942ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಟಿಪ್ಪಣಿಯು, ಸಕ್ರಿಯ ಕೆಸರಿನ ಶುದ್ಧೀಕರಣದಲ್ಲಿ ಬ್ಯಾಕ್ಟೀರಿಯಾಗಳಿಗಷ್ಟೇ ಅಲ್ಲದೆ ಅವುಗಳಿಗಿಂತ ದೊಡ್ಡದಾದ ಏಕಕೋಶ ಜೀವಿಗಳಾದ ಪ್ರೋಟೋಜೋವಾಗಳಿಗೂ ಪ್ರಧಾನ ಪಾತ್ರವಿದೆಯೆಂದು ವಾದಿಸಿತು. ನೀರನ್ನು ತಿಳಿಗೊಳಿಸುವಲ್ಲಿ ಈ ಜೀವಿಗಳ ಪಾತ್ರ ಎಷ್ಟೆಂಬ ಚರ್ಚೆಯು ಮುಂದೆ ಹಲವು ದಶಕ ನಡೆಯಿತಾದರೂ, ಕೆಸರನ್ನು ಒಂದು ರಾಸಾಯನಿಕ ವಸ್ತುವಾಗಿ ಕಾಣದೆ ಒಂದನ್ನೊಂದು ತಿಂದು ಬದುಕುವ ಜೀವಿಗಳ ಸಮುದಾಯವಾಗಿ ಕಂಡ ದೃಷ್ಟಿಗಾಗಿ ಬೆಂಗಳೂರಿನ ಆ ಕೆಲಸಕ್ಕೆ ಇಂದಿಗೂ ಬೆಲೆಯಿದೆ. ಸುಬ್ರಹ್ಮಣ್ಯನ್ ಅವರನ್ನು ಕರ್ನಾಟಕವು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮೊದಲ ನಿರ್ದೇಶಕರೆಂದು ನೆನೆಯುತ್ತದೆ, ಕೊಳಚೆ ನೀರಿನ ವಿಜ್ಞಾನದಲ್ಲಿ ಅವರಿಗಿದ್ದ ಸ್ಥಾನವನ್ನು ನೆನೆಯುವುದು ಕಡಿಮೆ.

ಸಕ್ರಿಯ ಕೆಸರಿನ ವಿಧಾನದಲ್ಲಿ ಸಾಮಾನ್ಯವಾಗಿ ಎರಡು ತೊಟ್ಟಿಗಳಿರುತ್ತವೆ: ಒಂದರಲ್ಲಿ ಗಾಳಿ ಊದಿ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಒದಗಿಸಲಾಗುತ್ತದೆ, ಇನ್ನೊಂದರಲ್ಲಿ ನೀರನ್ನು ಅಲುಗಾಡದಂತೆ ನಿಲ್ಲಿಸಿ ಕೆಸರು ತಳಕ್ಕೆ ಕೂರುವಂತೆ ಮಾಡಲಾಗುತ್ತದೆ. ಮೇಲಿನ ತಿಳಿನೀರು ಹೊರಗೆ ಹೋಗುತ್ತದೆ, ಕೆಳಗಿನ ಕೆಸರಿನ ಬಹುಭಾಗ ಮೊದಲ ತೊಟ್ಟಿಗೆ ಮರಳುತ್ತದೆ. ಇಡೀ ಏರ್ಪಾಡು ನಿಂತಿರುವುದು ಕೆಸರು ಒಳ್ಳೆಯ ಹೆಪ್ಪುಗಳಾಗಿ ಕೂಡಿಕೊಂಡು ಬೇಗ ಕೂರುತ್ತದೆ ಎಂಬ ಭರವಸೆಯ ಮೇಲೆ. ಆದರೆ ದಾರದಂತೆ ಉದ್ದಕ್ಕೆ ಬೆಳೆಯುವ ಬ್ಯಾಕ್ಟೀರಿಯಾಗಳು ಹೆಚ್ಚಿದಾಗ ಕೆಸರು ಉಬ್ಬಿಕೊಂಡು ಕೂರದೆ ತೇಲುತ್ತದೆ, ತಿಳಿನೀರಿನ ಜೊತೆಗೇ ಹೊರಟುಹೋಗುತ್ತದೆ, ಹಾಗೆ ಹೋದ ಕೆಸರಿನೊಂದಿಗೆ ಸ್ಥಾವರದ ಶಕ್ತಿಯೂ ಕರಗುತ್ತದೆ. ಅಮೆರಿಕದ ಎಫ್. ಡಬ್ಲ್ಯೂ. ಮೋಲ್‌ಮನ್ 1934ರಲ್ಲಿ ಸೂಚಿಸಿದ ಕೆಸರಿನ ಗಾತ್ರದ ಸೂಚ್ಯಂಕವು, ಅಂದರೆ ಅರ್ಧ ಗಂಟೆ ಕೂರಲು ಬಿಟ್ಟಾಗ ಒಂದು ಗ್ರಾಂ ಕೆಸರು ಎಷ್ಟು ಮಿಲಿಲೀಟರ್ ಜಾಗ ಹಿಡಿಯುತ್ತದೆ ಎಂಬ ಅಳತೆಯು, ಈ ತೊಂದರೆಯನ್ನು ಸಂಖ್ಯೆಗೆ ಇಳಿಸಿದ ಮೊದಲ ಪ್ರಭಾವಶಾಲಿ ಪ್ರಯತ್ನ. ಇಂದಿಗೂ ಸ್ಥಾವರಗಳ ಆಪರೇಟರುಗಳು ಸಾಮಾನ್ಯವಾಗಿ ಒಂದು ಲೀಟರಿನ ಅಳತೆಪಾತ್ರೆಯಲ್ಲಿ ಈ ಪರೀಕ್ಷೆಯನ್ನೇ ಮಾಡುತ್ತಾರೆ. ಕೂರುವಿಕೆಯ ಈ ಮಿತಿಯಿಂದಾಗಿ ಗಾಳಿ ತೊಟ್ಟಿಯಲ್ಲಿನ ಕೆಸರಿನ ಸಾಂದ್ರತೆಯನ್ನು ಲೀಟರಿಗೆ ಸುಮಾರು 2ರಿಂದ 4 ಗ್ರಾಂಗಿಂತ ಮೇಲಕ್ಕೆ ಏರಿಸುವುದು ಕಷ್ಟವಾಯಿತು, ಆದ್ದರಿಂದ ಸ್ಥಾವರಗಳು ವಿಶಾಲವಾದ ಜಮೀನನ್ನು ಬೇಡಿದವು.

ಪೊರೆಗಳ ಚರಿತ್ರೆ ಇದಕ್ಕೆ ಸಂಬಂಧವಿಲ್ಲದ ದಾರಿಯಲ್ಲಿ ಬೆಳೆಯುತ್ತಿತ್ತು. ಜರ್ಮನಿಯ ಹೈನ್ರಿಚ್ ಬೆಖ್‌ಹೋಲ್ಡ್ 1907ರ ಹೊತ್ತಿಗೆ ಕೊಲೊಡಿಯನ್ನಿನಿಂದ ಬೇರೆ ಬೇರೆ ರಂಧ್ರಗಾತ್ರದ ಪೊರೆಗಳನ್ನು ಮಾಡಿ ಅತಿಸೂಕ್ಷ್ಮ ಕಣಗಳನ್ನು ಸೋಸಿದರು. ಗಾಟಿಂಗೆನ್‌ನ ರಿಚರ್ಡ್ ಝಿಗ್‌ಮಂಡಿ, 1925ರ ರಸಾಯನಶಾಸ್ತ್ರದ ನೊಬೆಲ್ ಪುರಸ್ಕೃತರು, ಇಂಥ ಪೊರೆಗಳನ್ನು ಕಾರ್ಖಾನೆಯಲ್ಲಿ ತಯಾರಿಸಬಲ್ಲ ವಸ್ತುವಾಗಿಸಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ನಗರಗಳ ನೀರಿನ ವ್ಯವಸ್ಥೆ ಬಾಂಬಿಗೆ ತುತ್ತಾದಾಗ ಕುಡಿಯುವ ನೀರಿನಲ್ಲಿ ಬ್ಯಾಕ್ಟೀರಿಯಾಗಳಿವೆಯೇ ಎಂದು ಬೇಗ ಪರೀಕ್ಷಿಸಲು ಅವು ಬಳಕೆಯಾದವು. ಆದರೆ ಆ ಪೊರೆಗಳಲ್ಲಿ ನೀರು ಹರಿಯುತ್ತಿದ್ದುದು ತೀರ ನಿಧಾನ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಆವರಣದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ 1960ರ ಆಸುಪಾಸಿನಲ್ಲಿ ಸಿದ್ಧಪಡಿಸಿದ ಪೊರೆಯು ಈ ಅಡಚಣೆಯನ್ನು ಮುರಿಯಿತು: ನಿಜವಾಗಿ ಸೋಸುವ ಪದರವು ಅತ್ಯಂತ ತೆಳ್ಳಗಿದ್ದು, ಅದಕ್ಕೆ ಆಸರೆಯಾಗಿ ದೊಡ್ಡ ರಂಧ್ರಗಳ ದಪ್ಪ ಪದರವಿರುವ ರಚನೆಯಿಂದ ನೀರಿನ ಹರಿವು ಹಲವು ಪಟ್ಟು ಹೆಚ್ಚಿತು. ಉಪ್ಪುನೀರನ್ನು ಸಿಹಿಗೊಳಿಸಲು ಹುಟ್ಟಿದ ಈ ತಂತ್ರವು ಉಳಿದ ಬಗೆಯ ಪೊರೆಗಳಿಗೂ ದಾರಿ ತೆರೆಯಿತು.

ಎರಡು ದಾರಿಗಳು ಕೂಡಿದ್ದು 1960ರ ದಶಕದ ಕೊನೆಯಲ್ಲಿ. ಅಮೆರಿಕದ ಡಾರ್-ಆಲಿವರ್ ಕಂಪನಿಯ ಸ್ಮಿತ್ ಮತ್ತು ಸಂಗಡಿಗರು 1969ರಲ್ಲಿ, ಕೆಸರು ಕೂರುವ ತೊಟ್ಟಿಯನ್ನೇ ತೆಗೆದುಹಾಕಿ ಆ ಜಾಗದಲ್ಲಿ ಪೊರೆಯನ್ನಿಟ್ಟು ನೀರನ್ನು ಹಿಂಡಿ ತೆಗೆಯುವ ವ್ಯವಸ್ಥೆಯನ್ನು ವರದಿ ಮಾಡಿದರು. ಬ್ಯಾಕ್ಟೀರಿಯಾದ ಗಾತ್ರ ಸಾಮಾನ್ಯವಾಗಿ ಒಂದು ಮೈಕ್ರಾನಿನ ಆಸುಪಾಸು, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಪೊರೆಯ ರಂಧ್ರ ಅದಕ್ಕಿಂತ ಚಿಕ್ಕದಾಗಿದ್ದರೆ ಕೆಸರು ಕೂತರೂ ತೇಲಿದರೂ ನೀರಿನೊಂದಿಗೆ ಹೋಗಲಾರದು. ಹೀಗಾಗಿ ತೊಟ್ಟಿಯಲ್ಲಿ ಲೀಟರಿಗೆ 8ರಿಂದ 12 ಗ್ರಾಂವರೆಗೆ ಕೆಸರನ್ನು ಹಿಡಿದಿಡಬಹುದು, ಅದೇ ಕೆಲಸವನ್ನು ಚಿಕ್ಕ ಜಾಗದಲ್ಲಿ ಮಾಡಬಹುದು. ಇದೇ ಮೆಂಬ್ರೇನ್ ಬಯೋರಿಯಾಕ್ಟರ್, ಅಂದರೆ ಪೊರೆ ಅಳವಡಿಸಿದ ಜೈವಿಕ ತೊಟ್ಟಿ. ಆದರೆ ಆರಂಭದ ವಿನ್ಯಾಸದಲ್ಲಿ ಪೊರೆ ತೊಟ್ಟಿಯ ಹೊರಗಿತ್ತು. ಅದರ ಮೈಗೆ ಕೆಸರು ಅಂಟದಿರಲೆಂದು ಕೆಸರುನೀರನ್ನು ಪಂಪಿನಿಂದ ಸೆಕೆಂಡಿಗೆ ಹಲವು ಮೀಟರ್ ವೇಗದಲ್ಲಿ ಅದರ ಉದ್ದಕ್ಕೂ ಹರಿಸಬೇಕಿತ್ತು, ಮತ್ತು ಈ ಓಟಕ್ಕೆ ತಗಲುವ ವಿದ್ಯುತ್ತಿನ ಖರ್ಚಿನಿಂದಾಗಿ ಆ ತಂತ್ರವು ದುಬಾರಿ ಜಮೀನಿನ ಕಟ್ಟಡಗಳಿಗೂ ಕೆಲವು ಕೈಗಾರಿಕೆಗಳಿಗೂ ಸೀಮಿತವಾಗಿ ಉಳಿಯಿತು. ಜಪಾನಿನಲ್ಲಿ, ದೊಡ್ಡ ಕಟ್ಟಡಗಳು ತಮ್ಮ ಬಳಸಿದ ನೀರನ್ನು ಶುದ್ಧಗೊಳಿಸಿ ಶೌಚಾಲಯಗಳಿಗೆ ಮರಳಿ ಬಳಸುವ ಪದ್ಧತಿ ಬೇರೂರಿದ್ದರಿಂದ, ಅದಕ್ಕೆ ನೆಲೆ ಸಿಕ್ಕಿತು.

ಟೋಕಿಯೊ ವಿಶ್ವವಿದ್ಯಾಲಯದ ಕಜುವೊ ಯಾಮಾಮೊಟೊ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಪ್ರಯೋಗವು ಈ ವಿದ್ಯೆಯ ದಿಕ್ಕನ್ನೇ ಬದಲಿಸಿತು. ಟೊಳ್ಳು ನಾರಿನ ಆಕಾರದ ಪೊರೆಗಳ ಕಟ್ಟನ್ನು ಅವರು ಗಾಳಿ ತೊಟ್ಟಿಯೊಳಗೇ ಮುಳುಗಿಸಿ, ನೀರನ್ನು ಒತ್ತುವ ಬದಲು ನಾರಿನ ಒಳಗಿನಿಂದ ಮೆಲ್ಲನೆ ಹೀರಿದರು, ಅದೂ ನಿರಂತರವಾಗಿ ಅಲ್ಲ, ಬಿಟ್ಟು ಬಿಟ್ಟು. ಸೂಕ್ಷ್ಮಜೀವಿಗಳ ಉಸಿರಾಟಕ್ಕೆಂದು ಊದುತ್ತಿದ್ದ ಗಾಳಿಯ ಗುಳ್ಳೆಗಳೇ ಮೇಲೇರುವಾಗ ಪೊರೆಯ ಮೈಯನ್ನು ಉಜ್ಜಿ ತೊಳೆಯುತ್ತಿದ್ದವು. ಇದರ ಬೆನ್ನಿಗೆ ಜಪಾನಿನ ಕುಬೋಟಾ ಕಂಪನಿಯ ಚಪ್ಪಟೆ ಹಾಳೆಯ ಪೊರೆಗಳೂ ಆಂಡ್ರ್ಯೂ ಬೆನೆಡೆಕ್ ಸ್ಥಾಪಿಸಿದ ಕೆನಡಾದ ಝೆನಾನ್ ಕಂಪನಿಯ ನಾರಿನ ಪೊರೆಗಳೂ ಮಾರುಕಟ್ಟೆಗೆ ಬಂದವು, 1998ರಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್ ಕರಾವಳಿಯ ಪೋರ್ಲಾಕ್ ಎಂಬ ಸಣ್ಣ ಊರಿನಲ್ಲಿ ಕುಬೋಟಾ ಪೊರೆಗಳ ಸ್ಥಾವರ ಕೆಲಸ ಆರಂಭಿಸಿತು, 2004ರಲ್ಲಿ ಜರ್ಮನಿಯ ನಾರ್ಡ್‌ಕನಾಲ್ ಸ್ಥಾವರವು 80,000 ಜನರಿಗೆ ಸಮನಾದ ಕೊಳಚೆಯನ್ನು ಪೊರೆಯ ಮೂಲಕ ಸೋಸತೊಡಗಿತು.

ಮುಳುಗಿಸಿಟ್ಟ ಪೊರೆಯೂ ಕಟ್ಟಿಕೊಳ್ಳುತ್ತಲೇ ಇತ್ತು. ಬೆಂಗಳೂರಿನ ಸ್ಥಾವರಗಳಲ್ಲಿ ಮೆಂಬ್ರೇನ್ ಚೋಕ್ ಆಗಿದೆ ಎನ್ನುವ, ಶಾಸ್ತ್ರಗ್ರಂಥಗಳಲ್ಲಿ ಫೌಲಿಂಗ್ ಎನ್ನುವ ಈ ವಿದ್ಯಮಾನವು ಒಂದೇ ಕ್ರಿಯೆಯಲ್ಲ. ರಂಧ್ರಕ್ಕಿಂತ ಚಿಕ್ಕ ಕಣಗಳು ರಂಧ್ರದ ಒಳಗೋಡೆಗೆ ಅಂಟಿ ಅದನ್ನು ಕಿರಿದಾಗಿಸುತ್ತವೆ, ರಂಧ್ರದಷ್ಟೇ ದೊಡ್ಡ ಕಣಗಳು ಬಿರಡೆಯಂತೆ ಅದನ್ನು ಮುಚ್ಚುತ್ತವೆ, ಇನ್ನೂ ದೊಡ್ಡವು ಮೇಲ್ಮೈಯಲ್ಲಿ ಪದರವಾಗಿ ಶೇಖರವಾಗುತ್ತವೆ, ಸೂಕ್ಷ್ಮಜೀವಿಗಳು ಸ್ರವಿಸುವ ಲೋಳೆ ಈ ಎಲ್ಲವನ್ನೂ ಬಂಧಿಸುತ್ತದೆ. ಈ ಕ್ರಿಯೆಗಳಿಗೆ ಗಣಿತದ ಚೌಕಟ್ಟು ಒದಗಿಸಿದ್ದು ಕೊಳಚೆ ನೀರಿನ ವಿಜ್ಞಾನವಲ್ಲ. ಫ್ರಾನ್ಸಿನ ಡಿಜಾನ್ ನಗರಕ್ಕೆ ನೀರು ಪೂರೈಸಿದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳಿನ ಶೋಧಕದಲ್ಲಿ ಹರಿಯುವ ನೀರಿನ ವೇಗವು ಒತ್ತಡದ ವ್ಯತ್ಯಾಸಕ್ಕೆ ಅನುಪಾತದಲ್ಲಿರುತ್ತದೆ ಎಂದು 1856ರಲ್ಲಿ ಪ್ರಕಟಿಸಿದ ನಿಯಮವೇ ಇಂದಿಗೂ ಬುನಾದಿ. ಪೊರೆಯ ಪ್ರತಿ ಚದರ ಮೀಟರಿನಿಂದ ಗಂಟೆಗೆ ಹೊರಬರುವ ಲೀಟರುಗಳನ್ನು ಹರಿವಿನ ದರ ಎನ್ನುತ್ತಾರೆ. ಪೊರೆಯ ಈಚೆಗೂ ಆಚೆಗೂ ಇರುವ ಒತ್ತಡಗಳ ಅಂತರವನ್ನು ಆ ದರದಿಂದಲೂ ನೀರಿನ ಸ್ನಿಗ್ಧತೆಯಿಂದಲೂ ಭಾಗಿಸಿದಾಗ ಸಿಗುವುದೇ ಒಟ್ಟು ಪ್ರತಿರೋಧ. ಈ ಪ್ರತಿರೋಧವನ್ನು ಹೊಸ ಪೊರೆಯದು, ಮೇಲಿನ ಪದರದ್ದು, ರಂಧ್ರಗಳ ಅಡಚಣೆಯದು ಎಂದು ಬಿಡಿಸಿ ಕೂಡಿಸಬಹುದು. ರಂಧ್ರ ಮುಚ್ಚುವ ನಾಲ್ಕು ಬಗೆಗಳನ್ನು ಬೇರೆ ಬೇರೆ ಸಮೀಕರಣಗಳಾಗಿ ಜೆ. ಹೆರ್ಮಿಯಾ 1982ರಲ್ಲಿ ಒಂದೇ ಸೂತ್ರದ ಅಡಿಯಲ್ಲಿ ತಂದರು. ಸ್ನಿಗ್ಧತೆಯ ಮಾತು ಇಲ್ಲಿ ಚಿಕ್ಕದಲ್ಲ: 20 ಡಿಗ್ರಿ ಸೆಲ್ಸಿಯಸ್‌ಗೆ ಹೋಲಿಸಿದರೆ 10 ಡಿಗ್ರಿಯ ನೀರು ಸುಮಾರು ಶೇ 30ರಷ್ಟು ಹೆಚ್ಚು ಸ್ನಿಗ್ಧವಾಗಿರುವುದರಿಂದ, ಪೊರೆಗೆ ಏನೂ ಅಂಟದಿದ್ದರೂ ಯೂರೋಪಿನ ಚಳಿಗಾಲದಲ್ಲಿ ಒತ್ತಡ ಏರುತ್ತದೆ, ತಾಪದ ಈ ಪರಿಣಾಮವನ್ನು ಕಳೆಯದೆ ಮಾಡಿದ ಲೆಕ್ಕವು ಹವಾಮಾನವನ್ನೇ ಫೌಲಿಂಗ್ ಎಂದು ದಾಖಲಿಸುತ್ತದೆ.

1995ರಲ್ಲಿ ಒಂದು ಮಹತ್ವದ ತಿರುವು ಬಂತು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ರಾಬರ್ಟ್ ಫೀಲ್ಡ್ ಮತ್ತು ಸಂಗಡಿಗರು, ಅಲ್ಲಿಯವರೇ ಆದ ಜಾನ್ ಹಾವೆಲ್, ಹಾಗೂ ಫ್ರಾನ್ಸಿನ ಟುಲೂಸ್‌ನ ಪ್ಯಾಟ್ರಿಸ್ ಬಾಚಿನ್ ಮತ್ತು ಸಂಗಡಿಗರು ಅದೇ ವರ್ಷ ಪ್ರಕಟಿಸಿದ ಲೇಖನಗಳು, ಹರಿವಿನ ದರವು ಒಂದು ನಿರ್ಣಾಯಕ ಮಿತಿಯೊಳಗಿದ್ದರೆ ಫೌಲಿಂಗ್ ಆಗುವುದಿಲ್ಲ ಇಲ್ಲವೇ ನಗಣ್ಯವಾಗಿರುತ್ತದೆ, ಮಿತಿ ದಾಟಿದರೆ ವೇಗವಾಗಿ ಬೆಳೆಯುತ್ತದೆ ಎಂಬ ಪರಿಕಲ್ಪನೆಯನ್ನು ಮುಂದಿಟ್ಟವು. ಕಣಗಳನ್ನು ಪೊರೆಯತ್ತ ಎಳೆಯುವ ಹರಿವಿಗೂ ಅವುಗಳನ್ನು ದೂರ ಸೆಳೆಯುವ ಬಲಗಳಿಗೂ ನಡುವೆ ಸಮತೋಲವಿರುವವರೆಗೆ ಪೊರೆ ಸ್ವಚ್ಛವಾಗಿರಬೇಕು ಎಂಬ ಈ ವಾದದಿಂದ ಸ್ಥಾವರಗಳ ವಿನ್ಯಾಸಕಾರರಿಗೆ ದೊಡ್ಡ ಧೈರ್ಯ ಬಂತು. ಆದರೆ ನಿಜವಾದ ಕೆಸರಿನಲ್ಲಿ ಆ ನಿಯಮ ಪೂರ್ಣವಾಗಿ ನಿಲ್ಲಲಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಚೋ ಮತ್ತು ಆಂಥೊನಿ ಫೇನ್ 2002ರಲ್ಲಿ ತೋರಿಸಿದಂತೆ, ಮಿತಿಗಿಂತ ಕಡಿಮೆ ದರದಲ್ಲಿ ನಡೆಸಿದರೂ ಒತ್ತಡವು ಬಹಳ ಕಾಲ ನಿಧಾನವಾಗಿ ಏರುತ್ತಾ ಹೋಗಿ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಲೋಳೆಯು ಪೊರೆಯ ಮೇಲೆ ಒಂದೇ ಸಮನಾಗಿ ಅಂಟುವುದಿಲ್ಲವಾದ್ದರಿಂದ, ಮುಚ್ಚಿಹೋದ ಜಾಗದ ಪಾಲಿನ ನೀರನ್ನೂ ತೆರೆದಿರುವ ಜಾಗವೇ ಹೊರಬೇಕಾಗುತ್ತದೆ, ಅಲ್ಲಿನ ಸ್ಥಳೀಯ ದರವು ಮಿತಿಯನ್ನು ದಾಟಿದಾಗ ಕುಸಿತವು ಹಬ್ಬುತ್ತದೆ ಎಂಬುದು ಅವರ ವಿವರಣೆ. ಸರಾಸರಿಯು ಸುರಕ್ಷಿತವಾಗಿದ್ದರೂ ಬಿಡಿ ಜಾಗಗಳು ಅಪಾಯದಲ್ಲಿರಬಹುದು ಎಂಬ ಈ ತಿಳಿವಳಿಕೆಯೇ ಸಮಸ್ಯೆಯನ್ನು ಭೌತಶಾಸ್ತ್ರದಿಂದ ಸಂಖ್ಯಾಶಾಸ್ತ್ರದ ಕಡೆಗೆ ತಿರುಗಿಸಿತೆಂದರೆ ತಪ್ಪಾಗಲಾರದು.

ಅಷ್ಟರಲ್ಲಿ ಪ್ರಯೋಗಾಲಯಗಳಲ್ಲಿ ಅಪರಾಧಿಯ ಹುಡುಕಾಟ ಆರಂಭವಾಗಿತ್ತು. ಸಂಶಯ ಹೆಚ್ಚಾಗಿ ಬಿದ್ದದ್ದು ಸೂಕ್ಷ್ಮಜೀವಿಗಳು ತಮ್ಮ ಕೋಶದ ಹೊರಗೆ ಸ್ರವಿಸುವ ಪಾಲಿಮರುಗಳ ಮೇಲೆ: ಕೆಸರಿನ ಹೆಪ್ಪುಗಳನ್ನು ಬಂಧಿಸುವ ಲೋಳೆ ಒಂದು ಬಗೆ, ನೀರಿನಲ್ಲಿ ಕರಗಿ ತೇಲುವ ಭಾಗ ಇನ್ನೊಂದು ಬಗೆ. ಇವುಗಳಲ್ಲಿನ ಪ್ರೋಟೀನನ್ನು ಲೌರಿ ಮತ್ತು ಸಂಗಡಿಗರು 1951ರಲ್ಲಿ, ಸಕ್ಕರೆಯ ಅಂಶವನ್ನು ಡುಬಾಯ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ, ಬಣ್ಣದ ಗಾಢತೆಯಿಂದ ಪ್ರಮಾಣವನ್ನು ಅಳೆಯುವ ವಿಧಾನಗಳಿಂದ ಕಂಡುಹಿಡಿಯಲಾಗುತ್ತಿತ್ತು. ಹೀಗೆ ಸಿಕ್ಕ ಸಂಖ್ಯೆಗಳನ್ನೂ, ಕೆಸರಿನ ಸಾಂದ್ರತೆ, ಕೆಸರಿನ ವಯಸ್ಸು, ತಾಪ, ಕರಗಿದ ಆಮ್ಲಜನಕ, ಸ್ನಿಗ್ಧತೆ, ಕಣಗಳ ಗಾತ್ರ ಇತ್ಯಾದಿಗಳನ್ನೂ ಒಂದು ಪಟ್ಟಿಯಲ್ಲಿಟ್ಟು, ಪ್ರತಿಯೊಂದಕ್ಕೂ ಫೌಲಿಂಗ್‌ನ ವೇಗಕ್ಕೂ ನಡುವಿನ ಸಹಸಂಬಂಧವನ್ನು, ಎಂದರೆ ಎರಡು ಅಳತೆಗಳು ಜೊತೆಜೊತೆಯಾಗಿ ಏರಿಳಿಯುವ ಮಟ್ಟವನ್ನು ಲೆಕ್ಕ ಹಾಕುವುದು ವಾಡಿಕೆಯಾಯಿತು. ಫಲಿತಾಂಶಗಳು ಒಂದನ್ನೊಂದು ಅಲ್ಲಗಳೆದವು. ಕರಗಿದ ಸಕ್ಕರೆಯ ಅಂಶವೇ ಕಾರಣವೆಂದು ಒಂದು ಪ್ರಯೋಗಾಲಯ ಹೇಳಿದರೆ, ಅದಕ್ಕೂ ಫೌಲಿಂಗಿಗೂ ಸಂಬಂಧವೇ ಕಾಣಲಿಲ್ಲವೆಂದು ಇನ್ನೊಂದು ವರದಿ ಮಾಡಿತು. ಕೆಸರಿನ ಸಾಂದ್ರತೆ ಹೆಚ್ಚಾದರೆ ಕೆಡುಕು ಎಂದು ಕೆಲವರು, ಒಳಿತು ಎಂದು ಕೆಲವರು, ವ್ಯತ್ಯಾಸವಿಲ್ಲ ಎಂದು ಮತ್ತೆ ಕೆಲವರು ಬರೆದರು. ಪಿಯೆರ್ ಲ ಕ್ಲೆಕ್, ವಿಕಿ ಚೆನ್ ಮತ್ತು ಫೇನ್ 2006ರಲ್ಲಿ ಬರೆದ ವಿಸ್ತಾರವಾದ ಸಮೀಕ್ಷೆಯೂ ಜರ್ಮನಿಯ ಆನ್ಯಾ ಡ್ರೂಸ್ 2010ರಲ್ಲಿ ಬರೆದ ಸಮೀಕ್ಷೆಯೂ ಓದಬೇಕಾದವು. ಅದರಲ್ಲೂ ಎರಡನೆಯದು ಈ ವೈರುಧ್ಯಗಳನ್ನು ಮುಚ್ಚದೆ ಅವುಗಳನ್ನೇ ವಿಷಯವಾಗಿಸಿಕೊಂಡ ಪ್ರಾಮಾಣಿಕ ಬರಹ.

ವೈರುಧ್ಯಗಳಿಗೆ ಕಾರಣ ಕೆಸರಿನಲ್ಲಿ ಎಷ್ಟಿತ್ತೋ ಲೆಕ್ಕದಲ್ಲಿಯೂ ಅಷ್ಟೇ ಇತ್ತು, ಮತ್ತು ಆ ಲೆಕ್ಕದ ದೋಷಗಳನ್ನು ಸಂಖ್ಯಾಶಾಸ್ತ್ರವು ಪೊರೆಗಳು ಕೊಳಚೆ ತೊಟ್ಟಿಗೆ ಬರುವ ಎಷ್ಟೋ ಮೊದಲೇ ಗುರುತಿಸಿತ್ತು. ಕಾರ್ಲ್ ಪಿಯರ್ಸನ್ 1897ರಲ್ಲೇ ಎಚ್ಚರಿಸಿದ್ದರು: ಪರಸ್ಪರ ಸಂಬಂಧವೇ ಇಲ್ಲದ ಎರಡು ಅಳತೆಗಳನ್ನು ಮೂರನೆಯ ಒಂದೇ ಅಳತೆಯಿಂದ ಭಾಗಿಸಿದರೆ, ಆ ಎರಡು ಭಾಗಲಬ್ಧಗಳ ನಡುವೆ ಸುಳ್ಳು ಸಹಸಂಬಂಧ ಹುಟ್ಟಿಕೊಳ್ಳುತ್ತದೆ. ಲೋಳೆಯ ಪ್ರಮಾಣವನ್ನು ಕೆಸರಿನ ಪ್ರತಿ ಗ್ರಾಂಗೆ ಇಷ್ಟು ಎಂದು ಬರೆದು, ಪದರದ ಪ್ರತಿರೋಧವನ್ನೂ ಪ್ರತಿ ಗ್ರಾಂಗೆ ಇಷ್ಟು ಎಂದು ಬರೆದು, ಎರಡನ್ನೂ ಹೋಲಿಸಿ ಸಂಬಂಧ ಸಿಕ್ಕಿತೆಂದಾಗ, ಆ ಸಂಬಂಧದ ಒಂದು ಪಾಲು ಎರಡರ ಕೆಳಗೂ ಕೂತ ಕೆಸರಿನ ತೂಕದ್ದೇ ಆಗಿರಬಲ್ಲುದು. ಹತ್ತು ಅಳತೆಗಳಿದ್ದರೆ ಅವುಗಳಿಂದ 45 ಜೋಡಿಗಳಾಗುತ್ತವೆ. ಯಾವ ಜೋಡಿಯಲ್ಲೂ ನಿಜವಾದ ಸಂಬಂಧವಿಲ್ಲದಿದ್ದರೂ, ನೂರಕ್ಕೆ ಐದು ಬಾರಿ ತಪ್ಪಬಹುದಾದ ವಾಡಿಕೆಯ ಪರೀಕ್ಷೆಯಲ್ಲಿ ಎರಡು ಜೋಡಿಗಳಾದರೂ ಆಕಸ್ಮಿಕವಾಗಿ ಸಂಬಂಧವುಳ್ಳವಾಗಿ ಹೊಮ್ಮುವುದನ್ನು ನಿರೀಕ್ಷಿಸಬೇಕು, ಮತ್ತು ಪ್ರಕಟವಾಗುವವು ಸಾಮಾನ್ಯವಾಗಿ ಆ ಎರಡೇ.

ಇದಕ್ಕಿಂತ ಆಳವಾದ ತೊಡಕು ಕಾಲದ್ದು. ಜಾರ್ಜ್ ಉಡ್ನಿ ಯೂಲ್ 1926ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1866ರಿಂದ 1911ರವರೆಗೆ ಆಂಗ್ಲಿಕನ್ ಚರ್ಚಿನಲ್ಲಿ ನಡೆದ ಮದುವೆಗಳ ಪಾಲಿಗೂ ಜನರ ಮರಣ ದರಕ್ಕೂ ನಡುವೆ 0.95ರಷ್ಟು ಸಹಸಂಬಂಧವಿರುವುದನ್ನು ತೋರಿಸಿ, ಕಾಲದೊಂದಿಗೆ ನಿಧಾನವಾಗಿ ಬದಲಾಗುವ ಯಾವ ಎರಡು ಸರಣಿಗಳೂ ಅರ್ಥವಿಲ್ಲದೆ ಹೊಂದಿಕೊಳ್ಳಬಲ್ಲವು ಎಂದು ವಿವರಿಸಿದರು. ಜೈವಿಕ ತೊಟ್ಟಿಯ ಎಲ್ಲ ಅಂಕಿಗಳೂ ಇಂಥ ಕಾಲಶ್ರೇಣಿಗಳೇ. ಕೆಸರಿನ ವಯಸ್ಸು 20 ದಿನವೆಂದರೆ ದಿನಕ್ಕೆ ಇಪ್ಪತ್ತರಲ್ಲೊಂದು ಪಾಲು ಕೆಸರನ್ನು ಮಾತ್ರ ಹೊರಹಾಕಲಾಗುತ್ತದೆ. ಇವತ್ತಿನ ಕೆಸರಿನ ನೂರಕ್ಕೆ 95 ಪಾಲು ನಿನ್ನೆಯದೇ. ಎರಡು ಅಳತೆಗಳೂ ಇದೇ ವೇಗದಲ್ಲಿ ಬದಲಾಗುವುದಾದರೆ, ಮೂರು ತಿಂಗಳಲ್ಲಿ ದಿನಕ್ಕೊಂದರಂತೆ ತೆಗೆದ 90 ಮಾದರಿಗಳು ಸಹಸಂಬಂಧದ ಲೆಕ್ಕದಲ್ಲಿ ಸುಮಾರು ಐದು ಸ್ವತಂತ್ರ ಮಾದರಿಗಳಿಗಷ್ಟೇ ಸಮ. ಐದು ಬಿಂದುಗಳಿಂದ ಜೀವಶಾಸ್ತ್ರದ ನಿಯಮವನ್ನು ಸ್ಥಾಪಿಸಲಾಗದೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅದೇ ಐದು 90ರ ವೇಷದಲ್ಲಿ ಬಂದಾಗ ಪತ್ರಿಕೆಗಳು ಒಪ್ಪಿಕೊಂಡವು. ಫೌಲಿಂಗ್‌ನ ಸಾಹಿತ್ಯದಲ್ಲಿ ಅತ್ಯಂತ ಗಂಭೀರವಾದ ನ್ಯೂನತೆ ಇದೆಂದೇ ಹೇಳಬೇಕಾಗುತ್ತದೆ.

ಸೂಕ್ಷ್ಮಜೀವಿಗಳ ಎಣಿಕೆಗೂ ಸಂಖ್ಯಾಶಾಸ್ತ್ರಕ್ಕೂ ಇರುವ ನಂಟು ಹೊಸದೇನಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರದಲ್ಲಿ ವಾರ್ಡ್ ಕಟ್ಲರ್ ಮತ್ತು ಸಂಗಡಿಗರು ಒಂದೇ ಹೊಲದ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ಮತ್ತು ಪ್ರೋಟೋಜೋವಾಗಳನ್ನು 365 ದಿನ ಬಿಡದೆ ಎಣಿಸಿ 1922ರಲ್ಲಿ ಪ್ರಕಟಿಸಿದರು. ಅಲ್ಲೇ ಇದ್ದ ರೊನಾಲ್ಡ್ ಫಿಶರ್ ಅದೇ ವರ್ಷ ಸಂಖ್ಯಾಶಾಸ್ತ್ರದ ಸೈದ್ಧಾಂತಿಕ ಬುನಾದಿಯನ್ನು ಹಾಕಿದ ತಮ್ಮ ಪ್ರಬಂಧದಲ್ಲಿ ಆ ಎಣಿಕೆಯ ವಿಧಾನವನ್ನೇ ಉದಾಹರಣೆಯಾಗಿ ಬಳಸಿದರು. ಬೆಂಗಳೂರಿನ ಸುಬ್ರಹ್ಮಣ್ಯನ್ ಕೂಡ 1920ರ ದಶಕದಲ್ಲಿ ಅದೇ ಕೇಂದ್ರದಲ್ಲಿ ನೀರು ನಿಂತ ಮಣ್ಣಿನ ಜೀವರಸಾಯನವನ್ನು ಅಭ್ಯಾಸ ಮಾಡಿದವರು. ಫಿಶರ್ ಅವರ ಪ್ರಯೋಗ ವಿನ್ಯಾಸದ ಪರಂಪರೆಯು 1951ರಲ್ಲಿ ಜಾರ್ಜ್ ಬಾಕ್ಸ್ ಮತ್ತು ವಿಲ್ಸನ್ ಅವರ ಕೈಯಲ್ಲಿ ರಾಸಾಯನಿಕ ಕಾರ್ಖಾನೆಗಳಿಗೆ ಒಗ್ಗುವ ರೂಪ ಪಡೆಯಿತು: ಹಲವು ಅಂಶಗಳನ್ನು ಒಂದೊಂದಾಗಿ ಅಲ್ಲದೆ ಯೋಜಿತ ಜೋಡಣೆಗಳಲ್ಲಿ ಒಟ್ಟಿಗೇ ಬದಲಿಸಿ, ಅವುಗಳ ಕೂಡುಪರಿಣಾಮವನ್ನು ಒಂದು ವಕ್ರ ಮೇಲ್ಮೈಯಾಗಿ ಅಂದಾಜಿಸುವ ಈ ವಿಧಾನವು ಗಾಳಿಯ ಪ್ರಮಾಣ, ಹೀರುವ ಮತ್ತು ಬಿಡುವ ಅವಧಿ, ಹರಿವಿನ ದರ ಇವುಗಳನ್ನು ಹೊಂದಿಸುವಲ್ಲಿ ಪೊರೆ ಸಂಶೋಧಕರಿಗೆ ಚೆನ್ನಾಗಿ ಒದಗಿದೆ. ಆದರೆ ಕೆಸರಿನ ಜೀವಸಮುದಾಯವನ್ನು ಹಾಗೆ ಬೇಕಾದಂತೆ ಹೊಂದಿಸಲಾಗದು, ನಿಜವಾದ ಸ್ಥಾವರಕ್ಕೆ ಬರುವ ಕೊಳಚೆಯನ್ನಂತೂ ಆಜ್ಞಾಪಿಸಲಾಗದು.

ಅಂಥ ಕಡೆ ಬಳಕೆಗೆ ಬಂದದ್ದು ಪ್ರಧಾನ ಘಟಕ ವಿಶ್ಲೇಷಣೆ, ಎಂದರೆ ಪರಸ್ಪರ ಹೆಣೆದುಕೊಂಡ ಅನೇಕ ಅಳತೆಗಳನ್ನು, ಅವುಗಳ ಒಟ್ಟು ಏರಿಳಿತದ ಬಹುಭಾಗವನ್ನು ಹಿಡಿದಿಡುವ ಕೆಲವೇ ಸಂಯುಕ್ತ ಅಳತೆಗಳಾಗಿ ಇಳಿಸುವ ವಿಧಾನ. ಪಿಯರ್ಸನ್ 1901ರಲ್ಲಿ ಸೂಚಿಸಿ, ಹೆರಾಲ್ಡ್ ಹೊಟೆಲಿಂಗ್ 1933ರಲ್ಲಿ ಬೆಳೆಸಿದ ಈ ವಿಧಾನವನ್ನು ಅನ್ವಯಿಕ ಸಂಶೋಧನೆಯಲ್ಲಿ ಹೇಗೆ ಬಳಸಬೇಕು, ಫಲಿತಾಂಶವನ್ನು ಹೇಗೆ ಅರ್ಥೈಸಬೇಕು ಎಂಬುದನ್ನು ವಿವರವಾಗಿ ಬರೆದವರು ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್, 1964ರಲ್ಲಿ ಸಂಖ್ಯಾ ಪತ್ರಿಕೆಯಲ್ಲಿ ಬಂದ ಅವರ ಆ ಪ್ರಬಂಧ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಪೊರೆಯ ತೊಟ್ಟಿಯ ಅಂಕಿಗಳಿಗೆ ಈ ವಿಧಾನವನ್ನು ಅನ್ವಯಿಸಿದಾಗ ತಾಪ, ಸ್ನಿಗ್ಧತೆ, ಕರಗಿದ ಲೋಳೆ ಇವು ಒಂದೇ ಗುಂಪಾಗಿ ಸೇರಿಕೊಳ್ಳುವುದು ಅಪರೂಪವಲ್ಲ: ಚಳಿಗಾಲದಲ್ಲಿ ಮೂರೂ ಒಟ್ಟಿಗೆ ಬದಲಾಗುತ್ತವೆ, ಹಾಗಾಗಿ ಅವುಗಳಲ್ಲಿ ಒಂದನ್ನು ಅಪರಾಧಿಯೆಂದು ಬೇರ್ಪಡಿಸಲು ಆ ಅಂಕಿಗಳಿಗೆ ಶಕ್ತಿಯೇ ಇರುವುದಿಲ್ಲ. ಯಾವುದನ್ನು ಬೇರ್ಪಡಿಸಲಾಗದು ಎಂದು ಸ್ಪಷ್ಟವಾಗಿ ತೋರಿಸಿದ್ದೇ ಈ ವಿಧಾನದ ದೊಡ್ಡ ಉಪಕಾರ. ಒಂದು ವಸ್ತುವನ್ನು ದೂಷಿಸುವ ಹಂಬಲ ಕ್ರಮೇಣ ಕಡಿಮೆಯಾಗಿ, ಒಂದೊಂದು ಸ್ಥಾವರದ ಹಲವು ವರ್ಷಗಳ ದಾಖಲೆಯನ್ನು ಅದರದೇ ಹಿಂದಿನ ನಡವಳಿಕೆಯೊಂದಿಗೆ ಹೋಲಿಸುವ ಕಡೆಗೆ ಕೆಲಸ ಸರಿದದ್ದು ಆ ಬಳಿಕ. ಪೊರೆಗಳು ಬೇಗ ಸವೆಯುತ್ತವೆಂದು ಆರಂಭದಲ್ಲಿದ್ದ ಭಯವೂ, ಅನೇಕ ಸ್ಥಾವರಗಳಲ್ಲಿ ಅವು ಹತ್ತು ವರ್ಷ ದಾಟಿ ಬಾಳಿದ್ದನ್ನು ಇಂಥ ದೀರ್ಘ ದಾಖಲೆಗಳು ತೋರಿಸಿದಾಗಲೇ ತಗ್ಗಿತು.

ಬೆಂಗಳೂರಿನಲ್ಲಿ ದೊಡ್ಡ ವಸತಿ ಸಮುಚ್ಚಯಗಳು ತಮ್ಮ ಕೊಳಚೆ ನೀರನ್ನು ತಾವೇ ಶುದ್ಧಗೊಳಿಸಿ ಮರುಬಳಕೆ ಮಾಡಬೇಕೆಂಬ ನಿಯಮವು ಈ ಚರಿತ್ರೆಯನ್ನು ನಗರದ ನೆಲಮಾಳಿಗೆಗಳಿಗೆ ತಂದು ನಿಲ್ಲಿಸಿದೆ. ಜಾಗ ಕಡಿಮೆ ಇರುವ ಕಟ್ಟಡಗಳು ಪೊರೆಯ ತೊಟ್ಟಿಗಳನ್ನು ಆರಿಸಿಕೊಂಡಿವೆ; ಜಾಗವಿರುವ ಕಡೆ ಕೆಸರು ಕೂರುವ ತೊಟ್ಟಿಯ ಹಳೆಯ ವಿಧಾನವೇ ನಡೆದಿದೆ. 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವ, ನಗರದ ಶುದ್ಧಗೊಳಿಸಿದ ಕೊಳಚೆ ನೀರಿಗೂ ಪೊರೆಯ ಶೋಧನೆಯಿಲ್ಲ. ಜರ್ಮನಿಯಲ್ಲೋ ಜಪಾನಿನಲ್ಲೋ ಸಿಕ್ಕ ಸಹಸಂಬಂಧಗಳನ್ನು ಇಲ್ಲಿನ ತೊಟ್ಟಿಗಳಿಗೆ ಹೇರುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಅಲ್ಲಿ ಎಲ್ಲವನ್ನೂ ಆಳುವ ಚಳಿಗಾಲದ ತಾಪಮಾನ ಇಲ್ಲಿ ಅಷ್ಟು ಇಳಿಯುವುದೇ ಇಲ್ಲ. ಅದರ ಬದಲು ಕರೆಂಟ್ ಹೋದಾಗ ನಿಲ್ಲುವ ಗಾಳಿ, ರಜೆಯಲ್ಲಿ ಅರ್ಧಕ್ಕಿಳಿಯುವ ಕೊಳಚೆಯ ಪ್ರಮಾಣ, ಶೌಚಾಲಯ ತೊಳೆಯಲು ಸುರಿಯುವ ಫಿನಾಯಿಲ್ ಮತ್ತು ಆಸಿಡ್, ಅಡುಗೆಮನೆಯ ಎಣ್ಣೆಜಿಡ್ಡು ಇಲ್ಲಿನ ಅಂಕಿಗಳನ್ನು ಏರಿಳಿಸುತ್ತವೆ. ಇವುಗಳನ್ನು ವಿಶ್ಲೇಷಿಸಲು ಬೇಕಾದ ಮೂಲ ಸಾಮಗ್ರಿ ಬಹಳ ಕಡೆ ಈಗಾಗಲೇ ಇದೆ: ದಿನಕ್ಕೆರಡು ಬಾರಿ ಒತ್ತಡವನ್ನೂ ಹರಿವನ್ನೂ ಬರೆದಿಡುವ ಆಪರೇಟರಿನ ಲಾಗ್‌ಬುಕ್. ಅದರಲ್ಲಿ ಬಿಟ್ಟುಹೋಗುವುದು ಸಾಮಾನ್ಯವಾಗಿ ಎರಡು ಸಂಗತಿಗಳು, ನೀರಿನ ತಾಪ ಮತ್ತು ಹೈಪೋಕ್ಲೋರೈಟ್ ಅಥವಾ ಸಿಟ್ರಿಕ್ ಆಮ್ಲದಿಂದ ಪೊರೆಯನ್ನು ತೊಳೆದ ದಿನಾಂಕ. ತೊಳೆದ ದಿನ ಗೊತ್ತಿಲ್ಲದಿದ್ದರೆ ಒತ್ತಡ ತಾನಾಗಿ ಇಳಿಯಿತೋ ತೊಳೆದದ್ದರಿಂದ ಇಳಿಯಿತೋ ತಿಳಿಯುವುದಿಲ್ಲ, ಎರಡು ತೊಳೆತಗಳ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆಯೇ ಎಂಬುದೂ ತಿಳಿಯುವುದಿಲ್ಲ. ಪೊರೆಯ ಉಳಿದ ಆಯುಷ್ಯವನ್ನು ಅಂದಾಜಿಸಲು ಇರುವ ಅತ್ಯಂತ ಸರಳವಾದ ಅಳತೆ ಆ ಅಂತರವೇ.